ಜವಳಿ ಅಂಗಡಿಯಲ್ಲಿ ಬಂದ ಕರೆ

ಕೊರೋನಾ ಕಾಲ ಮುಗಿದ ಮೇಲಿನ ಮಾತು. ಆಗ ನಾನು ಬಳ್ಳಾರಿಯಲ್ಲಿ ಒಂದು ಖಾಸಗಿ ಮೊಬೈಲ್ ಕಂಪನಿಯ ದೂರು ವಿಭಾಗದ ಮುಖ್ಯಸ್ಥೆ. ನಿವೃತ್ತಿ ಹತ್ತಿರ ಬಂದಿತ್ತು. ಸಿಗ್ನಲ್ ಇಲ್ಲ, ರೀಚಾರ್ಜ್ ಹೋಯಿತು, ಬೇಡದ ಕಾಲರ್ ಟ್ಯೂನ್ ಅಂಟಿಕೊಂಡಿದೆ ಎಂಬಂಥ ದೂರುಗಳೇ ಹೆಚ್ಚು. ಬೈಯಲು ಬಂದವರನ್ನು ಸಮಾಧಾನ ಮಾಡಿ ಕಳಿಸುವುದರಲ್ಲಿ ನಾನು ಪಳಗಿದ್ದೆ. ಆದರೆ ಕುರುಗೋಡಿನ ಉಮಾ ಬೈಯಲಿಲ್ಲ. ಎದುರಿನ ಕುರ್ಚಿಯಲ್ಲಿ ಕುಳಿತು ಒಂದೇ ಪ್ರಶ್ನೆ ಕೇಳಿದಳು.

“ನಾನು ಯಾರಿಗೂ ನಂಬರ್ ಕೊಟ್ಟಿಲ್ರಿ ಮೇಡಂ. ಮತ್ತ ಅವರಿಗೆ ಹೆಂಗ ಸಿಕ್ತು?”

ಉಮಾ ಕೊಳಗಲ್ಲಿನ ಶಾಲೆಯೊಂದರಲ್ಲಿ ಟೀಚರ್. ಚಿಕ್ಕಂದಿನಿಂದ ಫಿಟ್ಸ್ ಇತ್ತು; ಮಾತ್ರೆ ತಪ್ಪಿಸದಿದ್ದುದರಿಂದ ಎಷ್ಟೋ ವರ್ಷಗಳಿಂದ ಬಂದಿರಲಿಲ್ಲ. ಸಿರುಗುಪ್ಪದ ಪಂಪಾಪತಿಯೊಂದಿಗೆ ಮದುವೆ ನಿಶ್ಚಯವಾಗಿತ್ತು. ಕಾಯಿಲೆಯ ಸುದ್ದಿ ಎತ್ತಬೇಡ ಎಂದು ತಾಯಿ ಅಂಗಲಾಚಿದ್ದರು. ಮುಚ್ಚಿಟ್ಟು ತಾಳಿ ಕಟ್ಟಿಸಿಕೊಳ್ಳಲು ಇವಳಿಗೆ ಮನಸ್ಸಿರಲಿಲ್ಲ. ಎರಡೂ ಮನೆಯವರು ಮದುವೆಯ ಜವಳಿ ತೆಗೆಯಲು ಬಳ್ಳಾರಿಗೆ ಬಂದ ದಿನ ಅವನಿಗೆ ತಾನೇ ಹೇಳುವುದೆಂದು ಗಟ್ಟಿ ಮಾಡಿಕೊಂಡಿದ್ದಳು. ಊಟವಾದ ಮೇಲೆ ಮಾತಾಡೋಣ ಎಂದು ಅವನೂ ಒಪ್ಪಿದ್ದ.

ಜವಳಿ ಎಂದರೆ ನಮ್ಮ ಕಡೆ ಸುಲಭಕ್ಕೆ ಮುಗಿಯುವುದಿಲ್ಲ. ಸೋದರತ್ತೆಯಿಂದ ಹಿಡಿದು ಎಲ್ಲರಿಗೂ ಸೀರೆ ಆಗಬೇಕು, ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸುವುದಿಲ್ಲ. ಆ ಗದ್ದಲದಲ್ಲಿ ಉಮಾ ಒಂದು ಮೂಲೆಗೆ ಸರಿದು ಮೊಬೈಲ್ ತೆಗೆದಳು. ಈ ಮಾತ್ರೆ ನುಂಗುವವರು ಬಸುರಿಯಾದರೆ ಮಗುವಿಗೆ ತೊಂದರೆಯೇ ಎಂದು ಅವನು ಕೇಳಿದರೆ ಸರಿಯಾದ ಉತ್ತರ ಕೊಡಬೇಕಿತ್ತಲ್ಲ. ಅವಳ ಫೋನಿನ ನೆಟ್ ಮುಗಿದಿತ್ತು. ಅದನ್ನು ಕಂಡು ಪಂಪಾಪತಿಯ ತಂದೆ ಎರ್ರಿಸ್ವಾಮಿ, ನಮ್ಮ ಕಂಪನಿಯ ಸಿಮ್ ಇದ್ದ ತಮ್ಮ ಫೋನಿನ ಹಾಟ್‌ಸ್ಪಾಟ್ ಹಾಕಿಕೊಟ್ಟರು. ಅವರ ಮನೆಯಲ್ಲಿ ನೆಟ್ ಹಾಕಿಸುವುದು ಯಜಮಾನರ ಫೋನಿಗೆ ಮಾತ್ರ. ಮಿಕ್ಕವರು ಅದಕ್ಕೇ ಜೋಡಿಸಿಕೊಳ್ಳುವುದು ರೂಢಿ. “ನೀನೂ ನಮ್ಮ ಮನಿಯಾಕಿನ ಅಲ್ಲೇನವ್ವ, ಹಾಕ್ಕೋ” ಎಂದರಂತೆ.

ಔಷಧಿಯ ಜಾಲತಾಣವೊಂದನ್ನು ಓದಿ ಮುಚ್ಚಿದಳು. ಹೆಸರು, ನಂಬರ್ ಏನನ್ನೂ ಬರೆಯಲಿಲ್ಲ. ಊಟಕ್ಕೆ ಏಳುವ ಮುಂಚೆ ಎರ್ರಿಸ್ವಾಮಿಯ ಫೋನ್ ರಿಂಗಾಯಿತು. ಅವರಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ. ಫಿಟ್ಸ್ ಮಾತ್ರೆ ಮತ್ತು ಗರ್ಭಧಾರಣೆಯ ಬಗ್ಗೆ ಈಗಷ್ಟೇ ನಮ್ಮ ಪುಟ ನೋಡಿದ್ದೀರಿ, ನಮ್ಮ ಡಾಕ್ಟರ ಜೊತೆ ಮಾತಾಡುತ್ತೀರಾ ಎಂದು ಕಾಲ್ ಸೆಂಟರಿನ ಹುಡುಗಿ ನಯವಾಗಿ ಕೇಳಿದಳು. ಹರವಿದ ಸೀರೆಗಳ ಸುತ್ತ ಕುಳಿತವರೆಲ್ಲ ಕೇಳಿಸಿಕೊಂಡರು. ನೋಡಿದ್ದು ಯಾರು ಎಂದು ಎರ್ರಿಸ್ವಾಮಿ ಕೇಳುವ ಮೊದಲೇ ಉಮಾಳ ತಾಯಿ ಅಳತೊಡಗಿದರು. ತೆಗೆದಿಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟು ಸಿರುಗುಪ್ಪದವರು ಎದ್ದುಹೋದರು; ಮದುವೆ ಮುರಿಯಿತು.

ನಮ್ಮ ತಾಂತ್ರಿಕ ವಿಭಾಗದವರನ್ನು ವಿಚಾರಿಸಿದೆ. ಇದಕ್ಕೆ ಹೆಡರ್ ಎನ್ರಿಚ್‌ಮೆಂಟ್ ಎನ್ನುತ್ತಾರೆ. ಮೊಬೈಲ್ ನೆಟ್ ಮೂಲಕ ನೀವು ಪುಟ ತೆರೆದಾಗ, ಕಂಪನಿಯೊಂದಿಗೆ ಒಪ್ಪಂದವಿರುವ ಜಾಲತಾಣವಾದರೆ, ನಿಮ್ಮ ನಂಬರನ್ನು ನೆಟ್‌ವರ್ಕೇ ಸದ್ದಿಲ್ಲದೆ ಜೊತೆಗೆ ಕಳಿಸುತ್ತದೆ. ಹಾಟ್‌ಸ್ಪಾಟ್‌ನಲ್ಲಿ ಹೋಗುವುದು ನೆಟ್ ಕೊಟ್ಟವರ ನಂಬರ್. ದೂರು ಕೊಡಬೇಕಾದವರೂ ಅವರೇ. ನಂಬರ್ ಎರ್ರಿಸ್ವಾಮಿಯದು, ಬಯಲಾದದ್ದು ಉಮಾಳ ಗುಟ್ಟು. ನಮ್ಮ ನಿಯಮದ ಕಣ್ಣಿಗೆ ಅವಳು ಯಾರೂ ಅಲ್ಲ. ನನಗೆ ಮೈಯೆಲ್ಲ ಉರಿಯಿತು.

ನಾನೇ ಸಿರುಗುಪ್ಪಕ್ಕೆ ಹೋದೆ. ಎರ್ರಿಸ್ವಾಮಿ ಕೂರಿಸಿ ಚಹಾ ಕೊಟ್ಟರು, ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು.

“ತಪ್ಪು ನಿಮ್ಮ ಕಂಪನಿದು ಇರಬಹುದ್ರಿ. ಆದ್ರ ನಮಗ ಅದರಿಂದ ಒಳ್ಳೇದ ಆತು. ನಾ ಯಾಕ ದೂರು ಕೊಡ್ಲಿ?”

ಕೆಟ್ಟ ಮನುಷ್ಯರಲ್ಲ, ಅದಕ್ಕೇ ಆ ಮಾತು ಇನ್ನೂ ಚುಚ್ಚಿತು. ಪಂಪಾಪತಿ ನನ್ನನ್ನು ಬೀದಿಯವರೆಗೆ ಕಳಿಸಲು ಬಂದ. ತಲೆ ತಗ್ಗಿಸಿಯೇ ಹೇಳಿದ: “ಆಕಿ ಏನೋ ಹೇಳೋದೈತಿ ಅಂದಿದ್ಲ್ರಿ. ಊಟ ಆದಮ್ಯಾಲೆ ಕೇಳ್ತೀನಿ ಅಂದಿದ್ನಿ.”

ಈಗಲಾದರೂ ಒಂದು ಫೋನ್ ಮಾಡಿ ಕೇಳಪ್ಪ ಎಂದೆ.

“ಈಗೇನ್ ಕೇಳೋದ್ರಿ ಮೇಡಂ. ಎಲ್ಲಾ ಗೊತ್ತಾಗೈತಲ್ಲ.”

ದೂರುದಾರರಿಲ್ಲದ ದೂರನ್ನು ನಾನು ನನ್ನ ಹೆಸರಿನಲ್ಲೇ ಮೇಲಕ್ಕೆ ಬರೆದೆ. ಸಿಮ್ ಕೊಳ್ಳುವಾಗ ಗ್ರಾಹಕರು ಎಲ್ಲ ಷರತ್ತುಗಳಿಗೂ ಒಪ್ಪಿದ್ದಾರೆ ಎಂಬ ಉತ್ತರ ಬಂತು. ಅದನ್ನು ತಿಳಿಸಲು ಉಮಾಳನ್ನು ಕರೆಸಿದೆ. ಅವಳು ಕಂಪನಿಯ ಮಾತನ್ನು ಅರ್ಧಕ್ಕೇ ತಡೆದಳು.

“ನೀವು ಸಿರುಗುಪ್ಪಕ್ಕ ಹೋದಾಗ ಅವರು ಏನರ ಕೇಳಿದ್ರೇನ್ರಿ? ನಾ ಏನ್ ಹೇಳಾಕಿ ಇದ್ದೆ ಅಂತ?”

ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ. ಇಲ್ಲಮ್ಮ ಎಂದೆ. ಅವಳು ತಲೆಯಾಡಿಸಿ, ಶಾಲೆಗೆ ಹೊತ್ತಾಯಿತೆಂದು ಎದ್ದಳು. ಬಾಗಿಲ ಹೊರಗೆ ಗೋಡೆ ಹಿಡಿದು ನಿಂತು ಅತ್ತಳು. ನನಗೂ ಅಳು ತಡೆಯಲಾಗಲಿಲ್ಲ.

ನಂಬರ್ ಹೋದರೆ ಏನು ಹೋಯಿತು ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ತನ್ನ ವಿಷಯವನ್ನು ತಾನೇ ಮೊದಲು ಹೇಳುವ ಹಕ್ಕು ಹೋಗುತ್ತದೆ, ಅದನ್ನು ಯಾವ ಕಂಪನಿಯೂ ವಾಪಸು ಕೊಡಲಾರದು. ಆ ಕರೆ ಊಟ ಮುಗಿದ ಮೇಲೆ ಬಂದಿದ್ದರೆ ಉಮಾ ಹೇಳಿಯಾಗಿರುತ್ತಿತ್ತು. ಪಂಪಾಪತಿ ಅವಳನ್ನು ಆಗಲೂ ಬಿಡುತ್ತಿದ್ದನೇನೋ, ನನಗೆ ಗೊತ್ತಿಲ್ಲ. ಬಿಟ್ಟಿದ್ದರೂ, ಅವಳ ಮಾತು ಕೇಳಿ ಬಿಟ್ಟಿರುತ್ತಿದ್ದ.