ನಮ್ಮ ಕಡೆಯಲ್ಲಿ ಯಾರಿಗೂ ಇಲ್ಲ

ಶ್ವೇತಾ, ನಾನು ಡಾಕ್ಟರ ಎದುರು ಸುಳ್ಳು ಹೇಳಿದೆ. ಸೊಸೆಯಾದ ನೀನು ನನ್ನ ಮಗ್ಗುಲಲ್ಲೇ ಕುಳಿತಿದ್ದೆ, ಹೊಟ್ಟೆಯಲ್ಲಿ ಮೂರು ತಿಂಗಳ ಮಗು. ಆ ಸುಳ್ಳಿಗೆ ಬೆಲೆ ತೆತ್ತವಳು ನೀನು – ನಾನಲ್ಲ.

ಉಡುಪಿಯ ಆ ಡಾಕ್ಟರಮ್ಮ ಮೊದಲು ನಿನ್ನ ತಾಯಿಯ ವಿಷಯ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಮಗ ಹೊಟ್ಟೆಯಲ್ಲಿದ್ದಾಗ ನಿಮಗೆ ಬಿಪಿ, ಫಿಟ್ಸ್ ಎಂತಾದರೂ ಬಂದದ್ದುಂಟಾ ಅಮ್ಮಾ?" ಎಂದರು.

ನಾನು ನಕ್ಕೆ. "ನಮ್ಮ ಕಡೆಯಲ್ಲಿ ಯಾರಿಗೂ ಇಲ್ಲ. ಮತ್ತೆ ಮಗು ತಾಯಿಯ ಬಳಿಯದ್ದಲ್ವಾ, ನನ್ನನ್ನು ಕೇಳಿ ಎಂತ ಪ್ರಯೋಜನ?"

ನಮ್ಮ ತುಳುವರಲ್ಲಿ ಬಳಿ ಎಂಬುದು ಗೋತ್ರದ ಹಾಗೆ, ಆದರೆ ತಾಯಿಯಿಂದ ಇಳಿಯುವಂಥದ್ದು. ಮಗ ದಿನೇಶ ನನ್ನ ಬಳಿಯವನು, ಅವನ ಮಕ್ಕಳು ಮಾತ್ರ ಸೊಸೆಯ ಬಳಿಯವರು. ನನ್ನ ರಕ್ತ ಅವನಲ್ಲೇ ನಿಂತುಹೋಯಿತು ಎಂದು ನಂಬಿದ್ದೆ... ಪೂರ್ತಿ ನಂಬಿದ್ದೆನೇ? ಗೊತ್ತಿಲ್ಲ. ನಂಬಲು ಅನುಕೂಲವಾಗಿತ್ತು, ಅದಂತೂ ಹೌದು.

ಸತ್ಯ ಇಷ್ಟು. ದಿನೇಶ ಹೊಟ್ಟೆಯಲ್ಲಿದ್ದಾಗ, ಮಟ್ಟುವಿನ ತವರಿನಲ್ಲಿ ನನ್ನ ಮುಖ ಊದಿತ್ತು, ಕಣ್ಣು ಮಂಜಾಗಿತ್ತು, ಫಿಟ್ಸ್ ಬಂದಿತ್ತು. ನಾನೂ ಮಗುವೂ ಉಳಿದದ್ದೇ ಹೆಚ್ಚು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ಪದ್ಧತಿ. ಹಾಗಾಗಿ ಕಾಪುವಿನ ಗಂಡನ ಮನೆಗೆ ಸುದ್ದಿ ಮುಟ್ಟಲಿಲ್ಲ. ಅಮ್ಮ ನನ್ನ ಬಾಯಿ ಮುಚ್ಚಿಸಿದಳು – ಫಿಟ್ಸಿನವಳೆಂದು ಕಾಪುವಿನವರು ಬಿಟ್ಟುಬಿಟ್ಟರೆ? ಆ ಹೆದರಿಕೆಯಲ್ಲೇ ಮುದುಕಿಯಾದೆ. ಗಂಡ ತೀರಿಕೊಂಡ ಮೇಲೂ ಬಾಯಿ ಬಿಡಲಿಲ್ಲ. ಇನ್ನು ಯಾರಿಗೆ ಹೆದರುತ್ತಿದ್ದೆನೋ...

ಸೀಮಂತಕ್ಕೆ ಮುಂಚೆಯೇ ನಿನ್ನ ಕಾಲು ಊದಿತು. ತಲೆ ಸಿಡಿಯುತ್ತದೆ ಎಂದೆ ನೀನು. ಬಸುರಿಗೆ ಇದೆಲ್ಲ ಇದ್ದದ್ದೇ, ತಪಾಸಣೆಗೆ ಇನ್ನೂ ವಾರ ಉಂಟು ಎಂದು ಗದರಿದೆ ನಾನು. ಗೊತ್ತಿದ್ದೂ ಗದರಿದೆ. ಫಿಟ್ಸ್ ಬಂದು ನಿನ್ನನ್ನು ಮಣಿಪಾಲಕ್ಕೆ ಮುಟ್ಟಿಸುವಷ್ಟರಲ್ಲಿ ಮಗು ಹೋಗಿತ್ತು. ನೀನು ಬದುಕಿದೆ. ನೋಡಲು ಬಂದವರಿಗೆಲ್ಲ ನಾನೇ ಹೇಳಿದೆ, ಇದು ನಿನ್ನ ತವರಿನ, ಬಜಗೋಳಿಯವರ ಬಳಿಯ ದೋಷ ಎಂದು. ದಿನೇಶನ ಕಿವಿಗೂ ಅದನ್ನೇ ತುಂಬಿದೆ. ವರ್ಷ ತಿರುಗುವಷ್ಟರಲ್ಲಿ ನೀನು ಬಜಗೋಳಿಯ ತವರು ಸೇರಿದೆ, ಆಮೇಲೆ ವಿಚ್ಛೇದನವೂ ಆಯಿತು.

ಕಳೆದ ವರ್ಷ ಅವನ ಎರಡನೆಯ ಹೆಂಡತಿ, ಎಲ್ಲೂರಿನ ವಿದ್ಯಾ, ಬಸುರಿಯಾದಳು. ಬೇರೆ ಡಾಕ್ಟರು, ಅದೇ ಪ್ರಶ್ನೆ. ನಾನು ತಡವರಿಸಿದ್ದನ್ನು ಕಂಡು ಅವರು ಬಿಡಿಸಿ ಹೇಳಿದರು. ಮಗುವಿನಲ್ಲಿ ಅರ್ಧ ತಂದೆಯದ್ದಂತೆ. ತಾಯಿಯ ಮೈಯಲ್ಲಿ ರೋಗ ತಡೆಯುವ ಜೀವಕೋಶಗಳು ಆ ಅರ್ಧವನ್ನು ಗುರುತಿಸಿ ಒಪ್ಪಿಕೊಂಡರೆ ಮಗುವನ್ನು ಪೋಷಿಸುವ ಮಾಸು ಗರ್ಭದಲ್ಲಿ ಸರಿಯಾಗಿ ಬೇರೂರುತ್ತದೆ. ಗಂಡ ಹೆಂಡಿರ ಕೆಲವು ಜೀನುಗಳು ಹೊಂದದಿದ್ದರೆ ಬೇರು ಸಾಲದೆ ತಾಯಿಯ ರಕ್ತದೊತ್ತಡ ಏರುವ ಅಪಾಯ ಹೆಚ್ಚು. ಅಪಾಯ ಗಂಡನ ಕಡೆಯಿಂದಲೂ ಬರಬಹುದು. ಇಂಥವರಿಂದಲೇ ಎಂದು ಬೆರಳು ತೋರಿಸಲಾಗದು. ಮೊದಲೇ ತಿಳಿದರೆ ಮಾತ್ರೆ ಕೊಟ್ಟು ಕಣ್ಣಿಟ್ಟು ನೋಡಿಕೊಳ್ಳಬಹುದು, ಅಷ್ಟೆ.

ಹೇಳಿಬಿಟ್ಟೆ. ದಿನೇಶನ ಎದುರೇ ಹೇಳಿದೆ. ವಾಪಸು ಬರುವಾಗ ಅವನು ನನ್ನ ಮುಖ ನೋಡಲಿಲ್ಲ, ಇವತ್ತಿಗೂ ಸರಿಯಾಗಿ ನೋಡುವುದಿಲ್ಲ. ವಿದ್ಯಾಳಿಗೆ ಮಾತ್ರೆ ಶುರುವಾಯಿತು. ಮೊನ್ನೆ ಹೆತ್ತಳು, ತಾಯಿ ಮಗು ಇಬ್ಬರೂ ಕ್ಷೇಮ. ಆ ಮಾತ್ರೆ ನಿನಗೂ ಸಿಗುತ್ತಿತ್ತು ಶ್ವೇತಾ. ಮಗು ಉಳಿಯುತ್ತಲೇ ಇತ್ತು ಎನ್ನಲಾರೆ. ಉಳಿಯಬಹುದಾದ ಒಂದು ದಾರಿಯನ್ನು ನಾನು ಮುಚ್ಚಿದೆ – ನನ್ನ ಮಾನಕ್ಕೋಸ್ಕರ.

ಬರುವ ಭಾನುವಾರ ಬಜಗೋಳಿಗೆ ಬರುತ್ತೇನೆ. ಇದನ್ನೆಲ್ಲ ನಿನ್ನ ತಾಯಿಯ ಎದುರು ಬಾಯಿಬಿಟ್ಟು ಹೇಳಬೇಕು. ಬಾಗಿಲು ತೆಗೆಯದಿದ್ದರೆ ಅಂಗಳದಲ್ಲೇ ಹೇಳುತ್ತೇನೆ.

ಇನ್ನೊಂದುಂಟು. ಅದನ್ನು ದಿನೇಶನಿಗೂ ಹೇಳಿಲ್ಲ. ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದಾಗ ನೀನು ಕೇಳಿದೆ, "ಮಗು ಯಾರ ಹಾಗೆ ಇತ್ತು ಅತ್ತೆ?" ನಾನು ನೋಡಲಿಲ್ಲ ಎಂದೆ. ನೋಡಿದ್ದೆ. ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟಿದ್ದರು. ಹೆಣ್ಣುಮಗು. ಅಗಲ ಹಣೆ, ಗಲ್ಲದ ನಡುವೆ ಸಣ್ಣ ಕುಳಿ – ನನ್ನ ಹಾಗೆಯೇ ಇದ್ದಳು.