ಪಂಡಿತರು ಏಳುವವರೆಗೆ

ಗೆಳೆಯರೇ, ಮದರಾಸಿನ ಹೋಟೆಲೂಟದಿಂದ ಇಪ್ಪತ್ತೆರಡನೇ ವಯಸ್ಸಿಗೇ ಹೊಟ್ಟೆ ಬೆಳೆಸಿಕೊಂಡು ಬಂದವನು ನಾನು. ನಿನ್ನೆ ನನಗೆ ಸಿಹಿ ಬಿಡಿಸಿದ ವೈದ್ಯ ಪಂಡಿತರೇ ಇಂದು ಬಾಯಾರು ಊರಿನ ಅತ್ತೆ ಮನೆಯ ಊಟದ ಪಂಕ್ತಿಗೆ ಹಿರಿಯರು. ಹಿರಿಯರು ಏಳದೆ ಯಾರೂ ಏಳುವಂತಿಲ್ಲ. ಅವರೋ ಒಂದೊಂದು ಅಗುಳನ್ನೂ ಮಾತಾಡಿಸಿ ಉಣ್ಣುವವರು. ನನ್ನ ಊಟ ಬೇಗ ಮುಗಿಯಿತು.

"ಖಾಲಿ ಎಲೆಯ ಮುಂದೆ ಕೂತುಕೊಳ್ಳುವುದು ಎಂತದು ಮಗಾ?" ಎಂದು ಅತ್ತೆ ಪಾಯಸ ಸುರಿದರು. ಏಲಕ್ಕಿಯ ಪರಿಮಳ, ಮಧ್ಯಾಹ್ನದ ಜೋಂಪು. ಬೆಲ್ಲದ ಹೊಳೆಯೊಂದು ಎಲೆಯ ಮೇಲೆ ಹರಿದು ನನ್ನನ್ನೇ ಮೆಲ್ಲಗೆ ತೇಲಿಸಿಕೊಂಡು ಹೋಯಿತು. ದಡ ಮುಟ್ಟಿದಾಗಲೆಲ್ಲ ಅತ್ತೆ ಮತ್ತೆ ಸುರಿಯುತ್ತಿದ್ದರು.

ಕೊನೆಗೂ ಎದ್ದ ಪಂಡಿತರು ಕೈ ತೊಳೆಯುತ್ತ ನನ್ನ ಹೊಟ್ಟೆ ನೋಡಿದರು. "ಪಥ್ಯ ಉಂಟಲ್ಲ ಮಾರಾಯ?"

"ಉಂಟು ಪಂಡಿತರೇ. ನೀವು ಎದ್ದ ಮೇಲೆ ಶುರುವಾಯಿತು."

ನಾಳೆ ಪಕ್ಕದ ಮನೆಯಲ್ಲಿ ಊಟ. ಕರೆ ನನಗೂ ಬಂದಿದೆ, ಪಂಡಿತರಿಗೂ.