ಹಬ್‌ನ ಮೇಲಿನ ಕೆಂಪು ಚುಕ್ಕಿ

ಉಪ್ಪುಗಾಳಿಗೆ ಅಪ್ಪನ ಹಳೆಯ ಬೈಕಿನ ಹಿಂದಿನ ಚಕ್ರದ ಸ್ಪೋಕ್‌ಗಳೆಲ್ಲ ತುಕ್ಕು ಹಿಡಿದಿದ್ದವು. "ಕಾಪುವಿನ ಮೆಕ್ಯಾನಿಕ್ ಹತ್ತಿರ ಕಣ್ಣು ಮುಚ್ಚಿ ಬಿಟ್ಟು ಬರಬಹುದು" ಎಂದು ಅಪ್ಪ ಬದುಕಿದ್ದಷ್ಟು ದಿನವೂ ಹೇಳುತ್ತಿದ್ದರು. ನನಗೆ ಕಣ್ಣು ಮುಚ್ಚುವ ಅಭ್ಯಾಸವಿಲ್ಲ. ಈಗ ಮಣಿಪಾಲದ ಹುಡುಗರಿಗೆ ಹಳೆಯ ಬೈಕಿನ ಹುಚ್ಚು. ಅಸಲಿ ಸಾಮಾನಿಗೆ ಕೇಳಿದಷ್ಟು ಕೊಡುತ್ತಾರೆ. ಹೊಸ ಸ್ಪೋಕ್ ಹಾಕುವ ನೆಪದಲ್ಲಿ ಈ ಮನುಷ್ಯ ಚಕ್ರದ ನಡುವಿನ ಹಬ್ ಅನ್ನೇ ಬದಲಾಯಿಸಿದರೆ? ಹೊರಡುವ ಮೊದಲು ಹೆಂಡತಿಯ ನೈಲ್ ಪಾಲಿಶ್ ತೆಗೆದು ಹಬ್‌ನ ಒಳಬದಿಯಲ್ಲಿ, ಯಾರಿಗೂ ಕಾಣದ ಕಡೆ, ಒಂದು ಚುಕ್ಕಿ ಇಟ್ಟೆ.

"ಸಂಜೆ ಬನ್ನಿ" ಎಂದರು ಮೆಕ್ಯಾನಿಕ್.

"ಬೇಡ, ಇಲ್ಲೇ ಬೆಂಚಿನಲ್ಲಿ ಕೂತಿರುತ್ತೇನೆ" ಎಂದೆ.

ಅವರು ನಕ್ಕರು. ಆ ನಗು ನನಗೆ ಸರಿ ಕಾಣಲಿಲ್ಲ.

ಹಳೆಯ ಸ್ಪೋಕ್‌ಗಳನ್ನೆಲ್ಲ ಕತ್ತರಿಸಿ ತೆಗೆದರು. ಹಬ್‌ಗೆ ಅಂಟಿದ್ದ ಗ್ರೀಸನ್ನು ಪೆಟ್ರೋಲು ಹಾಕಿ ಉಜ್ಜತೊಡಗಿದಾಗ ನಾನು ಎದ್ದು ಹೋಗಿ ಬಗ್ಗಿ ನೋಡಿದೆ. ನನ್ನ ಚುಕ್ಕಿ ಅರ್ಧ ಅಳಿಸಿದ್ದರೂ ಅಲ್ಲೇ ಇತ್ತು. ಅದರ ಪಕ್ಕದಲ್ಲೇ, ಗ್ರೀಸಿನ ಅಡಿಯಿಂದ, ಕಬ್ಬಿಣ ಉಜ್ಜುವ ಅರದಲ್ಲಿ ಗೀರಿದ ಎರಡು ಅಡ್ಡಗೆರೆಗಳು ಕಾಣಿಸಿಕೊಂಡವು. ನೆರೆಮನೆಯವರು ಕೇಳಿ ಒಯ್ಯುವ ನಮ್ಮ ಕೊಡಪಾನ, ಕತ್ತಿ, ಏಣಿ ಎಲ್ಲದರ ಮೇಲೂ ಅಪ್ಪ ಗೀರುತ್ತಿದ್ದ ಗುರುತು ಅದು.

ಮೆಕ್ಯಾನಿಕ್ ತಲೆ ಎತ್ತದೆ ಹೊಸ ಸ್ಪೋಕ್ ಒಂದನ್ನು ತೂತಿಗೆ ತೂರಿಸಿದರು.

"ಚಾ ತರಿಸಲಾ ಮಾರಾಯ್ರೆ? ನಿಮ್ಮ ಅಪ್ಪನಿಗೂ ಅದೇ ಬೆಂಚಿನಲ್ಲೇ ಕೊಡುತ್ತಿದ್ದೆ, ಸಂಜೆಯ ತನಕ."